ಹಿಂಡುವ ಕೈ

"ಮಾತ್ರೆ ಬೇಕೇನೇ ಮುಂಡೆ? ಮೊದ್ಲು ಆ ರಾಶಿ ಮುಗ್ಸು. ನನ್ ತಮ್ಮನ್ನ ನುಂಗಿದ್ದು ಸಾಲ್ದಾ, ಈಗ ಪುಕ್ಸಟ್ಟೆ ಮಾತ್ರೆನೂ ನುಂಗ್ಬೇಕಾ?"

ಬಾವ ಅಂಗಿಯ ಜೇಬು ತಟ್ಟಿದ. ಒಳಗೆ ಡಬ್ಬಿ ಗಲಗಲ ಅಂದಿತು. ಅವಳು ಬಟ್ಟೆ ಸೋಡಾ ಕಲಸಿದ ನೀರಿನ ತೊಟ್ಟಿಗೆ, ಬೆರಳ ಸಂದೆಲ್ಲ ಹುಣ್ಣಾದ ಕೈಯನ್ನು ಮತ್ತೆ ಇಳಿಸಿದಳು. ಅವನ ಲಾಂಡ್ರಿಗೆ ಲಾಡ್ಜುಗಳಿಂದ ಬಂದ ಹಾಸಿಗೆ ಬಟ್ಟೆ ಎದೆಮಟ್ಟಕ್ಕಿತ್ತು. ಹಿಂಡುವ ಯಂತ್ರ ಕೆಟ್ಟು ಮೂಲೆ ಸೇರಿತ್ತು. ಇವಳ ಕೈಯಿರುವಾಗ ರಿಪೇರಿ ಯಾಕೆ? ಸಂಬಳ ಕೇಳುವ ಬಾಯಿಗೆ ಬೀಗ ಅವನ ಜೇಬಿನಲ್ಲೇ ಇತ್ತು.

ಗಂಡ ಸತ್ತಾಗ ಅವಳಿಗೆ ಉಳಿದದ್ದು ಅವನು ಅಂಟಿಸಿದ ಎಚ್‌ಐವಿ ಮತ್ತು ಅವನ ಈ ಅಣ್ಣ. ಆಸ್ಪತ್ರೆಗೆ ಮೊದಲ ಸಲ ಒಬ್ಬಳೇ ಹೋಗಿದ್ದಳು. "ಜವಾಬ್ದಾರಿ ತಗೊಳ್ಳೋಕೆ ಮನೆಯೋರು ಯಾರಾದ್ರೂ ಬರ್ಬೇಕಮ್ಮಾ, ಇಲ್ದಿದ್ರೆ ಮಾತ್ರೆ ಶುರು ಮಾಡಲ್ಲ" ಎಂದು ಕೌನ್ಸೆಲರ್ ಮೇಡಂ ವಾಪಸ್ಸು ಕಳಿಸಿದರು. ತವರಿನವರು ಬಾಗಿಲೇ ತೆರೆಯಲಿಲ್ಲ. ಕೊನೆಗೆ ಬಾವ ಬಂದ. ಮೇಡಂ ಮುಂದೆ ಕೈಕಟ್ಟಿ ಕೂತು, "ನನ್ ತಂಗಿ ಇದ್ದಂಗೆ ಮೇಡಂ. ಇವಳಿಗೆ ಮರೆವು ಜಾಸ್ತಿ, ಡಬ್ಬಿ ನನ್ ಹತ್ರಾನೇ ಇರ್ಲಿ" ಎಂದ. ಕುರಿ ಕಾಯಲು ತೋಳನನ್ನೇ ಇಟ್ಟರು.

ರಾಶಿ ಮುಗಿಯದ ದಿನ ಮಾತ್ರೆಯಿಲ್ಲ. ಮುಗಿಯದ ದಿನಗಳೇ ಹೆಚ್ಚು. ಬಿಟ್ಟಿದ್ದ ಜ್ವರ ತಿರುಗಿ ಬಂತು, ಬಾಯಲ್ಲಿ ಹುಣ್ಣೆದ್ದಿತು. ಸಾವು ಹತ್ತಿರ ಬರುತ್ತಿದೆ ಎಂದು ಅವಳಿಗೆ ಗೊತ್ತಾಯಿತು.

"ಮೇಡಂಗೆ ಹೇಳ್ತೀನಿ" ಅಂದಳು.

"ಹೇಳು. ನಾನೂ ಬೀದಿಗೆಲ್ಲಾ ಹೇಳ್ತೀನಿ. ಆಮೇಲೆ ಯಾವನು ಮನೆಗೆ ಸೇರಿಸ್ತಾನೋ ನೋಡೋಣ."

ಆ ವಾರ ಆಸ್ಪತ್ರೆಯಲ್ಲಿ ಸಭೆ. ರೋಗಿಗಳನ್ನು ಚೆನ್ನಾಗಿ ನೋಡಿಕೊಂಡ ಮನೆಯವರಿಗೆ ಸನ್ಮಾನ. ಬಾವ ಇಸ್ತ್ರಿ ಅಂಗಿ ತೊಟ್ಟು, ಎಂದಿನಂತೆ ಡಬ್ಬಿ ಜೇಬಿಗಿಳಿಸಿ ಮೊದಲ ಕುರ್ಚಿಯಲ್ಲಿ ಕೂತ. ಅಂಗಿ ಒಗೆದವಳು ಇವಳೇ. ದೊಡ್ಡ ಡಾಕ್ಟರು ಇವಳ ಕೈಗೆ ಹೂಗುಚ್ಛ ಕೊಟ್ಟು, "ನೀವೇ ಕೊಡಿಯಮ್ಮಾ, ದೇವರಂಥ ಬಾವ" ಎಂದರು. ಚಪ್ಪಾಳೆ ಬಿತ್ತು.

ಅವಳು ಹೂವನ್ನು ನೆಲಕ್ಕೆ ಬಿಟ್ಟು, ಬಾವನ ಜೇಬಿಗೆ ಕೈ ಹಾಕಿ ಡಬ್ಬಿ ಕಿತ್ತುಕೊಂಡಳು.

"ಹೋದ್ ತಿಂಗಳೇ ಖಾಲಿ ಆಗ್ಬೇಕಿತ್ತು ಇದು. ನೋಡಿ, ಅರ್ಧ ಹಂಗೇ ಇದೆ! ದುಡಿಸ್ಕೊಂಡು, ನಾಯಿಗೆ ಎಸೆದಂಗೆ ಎಸೀತಾನೆ ಈ ಬೋಳಿಮಗ. ಹೊಸ ಡಬ್ಬಿಗೂ ಇವನೇ ಬರ್ತಾನೆ. ನನ್ನನ್ನ ನೀವ್ ಒಬ್ರಾದ್ರೂ ಕೇಳಿದ್ರಾ?"

ಮೇಡಂ ಓಡಿಬಂದು ಪಿಸುಗುಟ್ಟಿದರು: "ಫೋಟೋ ತೆಗೀತಿದಾರೆ, ಸುಮ್ನೆ ಡಬ್ಬಿ ವಾಪಸ್ ಕೊಡಮ್ಮಾ. ನಿಯಮದ ಪ್ರಕಾರ ಅದು ಅವರ ಹತ್ರಾನೇ ಇರ್ಬೇಕು."

"ಕೊಡಲ್ಲ."

ಬಾವ ಮಣಿಕಟ್ಟು ತಿರುಚಿದ. ವಾಚ್‌ಮನ್ ಬಂದು ಬೆರಳು ಬಿಡಿಸತೊಡಗಿದ. ಒದ್ದೆ ಹಾಸಿಗೆ ಬಟ್ಟೆ ಹಿಂಡಿದ ಕೈ, ಬಿಡಲಿಲ್ಲ. ಎಳೆದಾಟದಲ್ಲಿ ಬೆರಳ ಸಂದಿನ ಸೋಡಾ ಹುಣ್ಣು ಒಡೆದು ರಕ್ತ ಇಳಿಯಿತು. ಕೆಂಡ ಮುಟ್ಟಿದವರಂತೆ ಇಬ್ಬರೂ ಹಿಂದಕ್ಕೆ ಹಾರಿದರು. ಮೇಡಂ ಗೋಡೆಗೆ ಒತ್ತಿಕೊಂಡರು. ಡಾಕ್ಟರು ಕುರ್ಚಿ ಹಿಂದೆ ಸರಿಸಿದರು.

ಅವಳು ರಕ್ತ ತೊಟ್ಟಿಕ್ಕುವ ಮುಷ್ಟಿಯನ್ನು ಮುಂದೆ ಚಾಚಿದಳು.

"ಬನ್ನಿ ಬಾವ, ತಗೊಳ್ಳಿ."

ಯಾರೂ ಬರಲಿಲ್ಲ.