ಕೂಸಿಗೆಂದು ಕುದಿಸಿದ ನೀರು

ಕೊಡಿಗೇಹಳ್ಳಿಯ ನಾರಾಯಣಮ್ಮನ ಮುಂದೆ ಅವರ ಬೋರ್‌ವೆಲ್ ನೀರನ್ನು ಆಡಿಕೊಂಡು ಯಾರೂ ದಕ್ಕಿಸಿಕೊಂಡವರಿಲ್ಲ. ಹಳೇ ಮನೆಯ ಸುತ್ತ ಎದ್ದ ಆರು ಬಾಡಿಗೆ ಮನೆಗೂ ಅದೇ ನೀರು. ಬಾಣಂತನಕ್ಕೆ ಬಂದ ಮಗಳು ಮೋನಿಷಾಳ ಎರಡು ತಿಂಗಳ ಕೂಸಿಗೂ ಅದೇ. ಎದೆಹಾಲು ಸಾಲದೆ ಪುಡಿ ಹಾಲು ಕಲಸುತ್ತಿದ್ದರು. ಅದಕ್ಕೆಂದು ನಾರಾಯಣಮ್ಮ, ತಮ್ಮ ಅತ್ತೆ ಹೇಳಿಕೊಟ್ಟ ಹಾಗೆ, ಒಂದು ಪಾತ್ರೆ ನೀರನ್ನು ಅರ್ಧಕ್ಕೆ ಇಳಿಯುವ ತನಕ ಕುದಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ ಇಡುತ್ತಿದ್ದರು.

ಇಷ್ಟು ಜೋಪಾನ ಮಾಡಿದ ಕೂಸಿನ ತುಟಿ, ಉಗುರು ಒಂದು ಬೆಳಿಗ್ಗೆ ನೀಲಿಗೆ ತಿರುಗಿದವು. ಆಸ್ಪತ್ರೆಗೆ ಓಡಿದರು. ಡಾಕ್ಟರು ಮಗುವನ್ನು ಅಲ್ಲೇ ಇರಿಸಿಕೊಂಡು, "ಮನೆ ನೀರು ಟೆಸ್ಟ್ ಮಾಡ್ಸಿ. ಅಲ್ಲೀವರೆಗೂ ಆ ನೀರು ಮಗೂಗೆ ಬೇಡ" ಎಂದರು.

ನಾರಾಯಣಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಮಹಡಿ ಮನೆಯ ಬಾಡಿಗೆಯ ಹುಡುಗಿ ಲೈಬಾ ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಪರೀಕ್ಷೆಗೆ ನೀರು ತುಂಬಿಕೊಳ್ಳಲು ಅವಳು ಬಾಟಲಿ ಹಿಡಿದು ಬಂದಾಗ ಸಿಟ್ಟೆಲ್ಲ ಅವಳ ಮೇಲೆ ತಿರುಗಿತು.

"ಇಪ್ಪತ್ತು ವರ್ಷದಿಂದ ಇದನ್ನೇ ಕುಡೀತಿದೀವಿ, ನಮ್ಗೇನಾಗೈತೆ? ನಮ್ಮೆಜಮಾನ್ರು ಟಿಡಿಎಸ್ ಪೆನ್ನು ಅದ್ದಿ ನೋಡವ್ರೆ. ಚೆನ್ನಾಗೈತೆ ಅಂದವ್ರೆ."

"ಒಟ್ಟು ಉಪ್ಪು ಎಷ್ಟಿದೆ ಅಂತ ಪೆನ್ನು ಹೇಳುತ್ತೆ ಆಂಟಿ, ಯಾವ ಉಪ್ಪು ಅಂತ ಹೇಳಲ್ಲ. ನಮ್ ಲ್ಯಾಬಿಗೆ ಅಯಾನ್ ಕ್ರೊಮ್ಯಾಟೋಗ್ರಫಿ ಅಂತ ಹೊಸ ಮಿಷನ್ ಬಂದಿದೆ. ಮುಂಚೆ ಒಂದೊಂದಕ್ಕೂ ಬೇರೆ ಬೇರೆ ಟೆಸ್ಟ್ ಮಾಡ್ಬೇಕಿತ್ತು. ಈಗ ಚೂರು ನೀರು ಸಾಕು. ನೀವು ಮೊರದಲ್ಲಿ ಅಕ್ಕಿ, ನುಚ್ಚು, ಕಲ್ಲು ಬೇರೆ ಮಾಡ್ತೀರಲ್ಲ, ಹಂಗೆ ಫ್ಲೋರೈಡು, ಕ್ಲೋರೈಡು, ನೈಟ್ರೇಟು ಎಲ್ಲಾ ಬಿಡಿಸಿ, ಅರ್ಧ ಗಂಟೆ ಒಳಗೆ ಯಾವ್ದು ಎಷ್ಟಿದೆ ಅಂತ ತೋರಿಸುತ್ತೆ."

"ತಗೊಂಡೋಗು. ನಾನು ಕುದ್ಸಿಟ್ಟಿರೋದನ್ನೂ ತಗೊಂಡೋಗು. ಅದ್ರಲ್ಲಿ ಏನಾರ ಸಿಕ್ರೆ ಆಮೇಲೆ ಬಂದು ಮಾತಾಡು."

ಮಾರನೇ ದಿನ ಲೈಬಾ ರಿಪೋರ್ಟ್ ತಂದಳು. "ಬೋರ್ ನೀರಲ್ಲಿ ನೈಟ್ರೇಟ್ ಲೀಟರಿಗೆ ಐವತ್ತೆಂಟು ಮಿಲಿಗ್ರಾಂ ಇದೆ. ನಲವತ್ತೈದು ದಾಟ್ಬಾರ್ದು."

"ಕುದ್ಸಿದ್ದು?"

"ನೂರಾ ಹದಿನಾಲ್ಕು."

ನಾರಾಯಣಮ್ಮ ರಿಪೋರ್ಟ್ ಕಿತ್ತುಕೊಂಡು ಆ ಅಂಕಿಯ ಮೇಲೆ ಬೆರಳಿಟ್ಟು ನೋಡಿದರು.

"ಕುದಿಸಿದ್ರೆ ಕ್ರಿಮಿ ಸಾಯುತ್ತೆ ಆಂಟಿ, ನೈಟ್ರೇಟ್ ಎಲ್ಲೂ ಹೋಗಲ್ಲ. ನೀರು ಅರ್ಧ ಆದ್ರೆ ಅಷ್ಟೂ ನೈಟ್ರೇಟು ಉಳಿದ ಅರ್ಧದಲ್ಲೇ ಇರುತ್ತೆ. ಅದ್ರಿಂದ ಎಳೇ ಮಗು ರಕ್ತ ಆಮ್ಲಜನಕ ಹೊರೋಕಾಗ್ದೆ ಮೈ ನೀಲಿಯಾಗುತ್ತೆ. ನಿಮ್ಗೆ ಗೊತ್ತಿರ್ಲಿಲ್ಲ, ನಿಮ್ ತಪ್ಪಲ್ಲ."

"ಎಲ್ಲಿಂದ ಬಂತು ಇದು?"

ಲೈಬಾ ಹಿತ್ತಲು ತೋರಿಸಿದಳು. ಬೋರ್‌ವೆಲ್‌ನಿಂದ ಎಂಟು ಹೆಜ್ಜೆಗೆ ಆರೂ ಮನೆಯ ಕಕ್ಕಸು ಗುಂಡಿ. ಅದರ ಕೊಳೆ ನೆಲದೊಳಗೆ ಇಳಿದು, ನೈಟ್ರೇಟಾಗಿ ಬೋರ್ ನೀರಿಗೆ ಸೇರುತ್ತಿತ್ತು. ಗುಂಡಿ ತೋಡಿಸಿದವರು ಗಂಡ ಮುನಿಶಾಮಿ. ತನ್ನ ಕೈಯಾರೆ ಕೂಸಿಗೆ ಏನು ಕುಡಿಸಿದೆ ಎನ್ನುವುದು ನಾರಾಯಣಮ್ಮನಿಗೆ ಆಗ ಹೊಳೆಯಿತು. ನೇರ ಗಂಡನ ಮುಂದೆ ಹೋಗಿ ನಿಂತರು.

"ಇರೋ ಜಾಗದಲ್ಲಿ ಇನ್ನೆಲ್ಲಿ ತೋಡ್ಲಿ? ಊರೆಲ್ಲಾ ಇಂಗೇ ಮಾಡವ್ರೆ" ಎಂದರು ಮುನಿಶಾಮಿ.

"ಊರೆಲ್ಲಾ ಮಾಡವ್ರೆ ಅಂತ ನನ್ ಮೊಮ್ಮಗು ಸಾಯ್ಬೇಕಾ? ಆರು ಮನೆ ಬಾಡಿಗೆ ಎಣಿಸ್ಕೊಳ್ಳೋಕೆ ಬರುತ್ತೆ, ಎಂಟೆಜ್ಜೆ ಎಣಿಸೋಕೆ ಬರ್ಲಿಲ್ವಾ?"

ಮುನಿಶಾಮಿ ಆ ವಾರವೇ ಗುಂಡಿ ಖಾಲಿ ಮಾಡಿಸಿ ಮುಚ್ಚಿದರು, ಒಳಚರಂಡಿಗೆ ಪೈಪು ಜೋಡಿಸಿದರು. ಕುಡಿಯುವುದಕ್ಕೆ ಕಾವೇರಿ ನೀರು ಹಿಡಿದರು. ಕೂಸು ಗುಣವಾಗಿ ಮನೆಗೆ ಬಂತು. ನಾರಾಯಣಮ್ಮ ರಿಪೋರ್ಟ್ ಹಿಡಿದು ಬಾಡಿಗೆಯವರ ಬಾಗಿಲು ಬಾಗಿಲಿಗೂ ಹೋಗಿ, "ನಮ್ ಬೋರ್ ನೀರು ಕುಡೀಬೇಡಿ" ಎಂದು ತಾವೇ ಹೇಳಿದರು.

ಅಕ್ಕಂದಿರೇ, ಅಣ್ಣಂದಿರೇ, ನೀರು ತಿಳಿಯಾಗಿದೆ, ಸಿಹಿಯಾಗಿದೆ ಅಂತ ನಂಬಿ ಕೂರಬೇಡಿ. ನೈಟ್ರೇಟಿಗೆ ಬಣ್ಣವಿಲ್ಲ, ರುಚಿಯಿಲ್ಲ. ವರ್ಷಕ್ಕೊಮ್ಮೆಯಾದರೂ ಬೋರ್ ನೀರನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ, ಫ್ಲೋರೈಡ್, ನೈಟ್ರೇಟ್ ಎಷ್ಟಿದೆ ಎಂದು ಕೇಳಿ ಬರೆಸಿಕೊಳ್ಳಿ. ಕೂಸಿನ ತುಟಿ ನೀಲಿಯಾದರೆ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಓಡಿ. ಈಗ ಎದ್ದು ಹಿತ್ತಲಿಗೆ ಹೋಗಿ, ನಿಮ್ಮ ಬೋರ್‌ವೆಲ್‌ನಿಂದ ಗುಂಡಿಗೆ ಎಷ್ಟು ದೂರವಿದೆ ಎಂದು ನೀವೇ ಅಳೆದು ನೋಡಿ; ಕಡಿಮೆಯೆಂದರೂ ಐವತ್ತು ಅಡಿ ಇರಬೇಕು.