ಹೊಟ್ಟೆಗೆ ತಕ್ಕ ಓಟ

ನನಗೆ ಮೊದಲು ನೆನಪಿರುವುದು ಮರಳುಕಾಗದದ ಸದ್ದು. ಎಡಬದಿ ನುಣುಪಾಗಿ ಮುಗಿದಿತ್ತು; ಮೋಹಿನಿ ಬಲಬದಿ ಉಜ್ಜುತ್ತಿದ್ದಳು. ನಡುವೆ ಎದ್ದು ಒಲೆಯ ಮೇಲಿನ ಮೀನುಸಾರು ಕದಡಿ ಬಂದು, ಸೆರಗಿಗೆ ಕೈ ಒರೆಸಿಕೊಂಡು ಮತ್ತೆ ಕೂತಳು. ಹೀಗೆ ನಾನು ದೋಣಿಯಾದೆ, ಹಲಸಿನ ಮರದ, ಮೂರು ಗೇಣುದ್ದದ ಮಾದರಿ ದೋಣಿ.

ನನ್ನ ಅಗಲ ಹೊಟ್ಟೆ ಅವಳ ಅಪ್ಪ ಕಟ್ಟುತ್ತಿದ್ದ ದೋಣಿಗಳದ್ದು. ಆತ ಎಂದೂ ನಕ್ಷೆ ಬರೆದವನಲ್ಲ. ಆತ ಹೋದ ಮೇಲೆ ಆ ಆಕಾರ ಉಳಿದದ್ದು ಮಗಳ ಅಂಗೈಯಲ್ಲಿ ಮಾತ್ರ, ಈಗ ನನ್ನಲ್ಲಿ.

ಗಂಡ ದಾಮೋದರ ಕುಮಟೆಯಲ್ಲಿ ಮೋಟಾರು ವೈಂಡಿಂಗ್ ಮಾಡುವವನು. ಪ್ರೀತಿಯಿಂದಲೇ ತನ್ನಲ್ಲಿದ್ದ ಅತಿ ಜೋರಿನ ಮೋಟಾರು ತಂದು ನನ್ನೊಳಗೆ ಕೂರಿಸಿ, ಹಿಂಬದಿಗೆ ನೀರು ತಳ್ಳುವ ಪುಟ್ಟ ಪಂಖ ಸಿಕ್ಕಿಸಿದ. ಊರಂಚಿನ ಗಜನಿಯ, ಆ ಉಪ್ಪುನೀರಿನ ಗದ್ದೆಯ, ನಿಂತ ನೀರಿಗೆ ಬಿಟ್ಟರು. ಪಂಖ ಗಿರ್ರೆಂದಿತು, ನೀರೆಲ್ಲ ನೊರೆ. ನನ್ನ ಮೂತಿ ಮೇಲೆದ್ದಿತು, ಹಿಂಬದಿ ಕುಸಿದು ನೀರು ನುಗ್ಗಿತು. ಮೂರು ಸಲ ಮುಳುಗಿದೆ.

"ಇದಕ್ಕೆ ಹೊಟ್ಟೆ ಜಾಸ್ತಿಯಾಯ್ತು ಮಾರಾಯ್ತಿ. ಭಾನುವಾರ ಎರಡೂ ಬದಿ ಕೆತ್ತಿ ಸಪೂರ ಮಾಡ್ತೇನೆ," ಎಂದ ದಾಮೋದರ.

ಮೋಹಿನಿ ನನ್ನನ್ನು ನೀರಿನಿಂದ ಎತ್ತಿಕೊಂಡಳು. ಅಪ್ಪನ ಆಕಾರವನ್ನು ತಾನೇ ತಪ್ಪಾಗಿ ನೆನಪಿಟ್ಟುಕೊಂಡೆನೋ ಎಂಬ ಹೆದರಿಕೆ ಅವಳಿಗೆ.

ಮಧ್ಯಾಹ್ನ ಗಂಡ ಅಂಗಡಿಗೆ ಹೋದ ಮೇಲೆ ಒಬ್ಬಳೇ ನನ್ನನ್ನು ಗಜನಿಗೆ ಒಯ್ದಳು. ಮೋಟಾರು ಬಿಚ್ಚಿಟ್ಟು, ಅಷ್ಟೇ ಭಾರದ ಕಲ್ಲು ಹೇರಿ, ಮೂತಿಗೆ ದಾರ ಕಟ್ಟಿ ದಂಡೆಗುಂಟ ಎಳೆಯುತ್ತ ನಡೆದಳು. ಮೆಲ್ಲಗೆ ಎಳೆದಾಗ ಸಮನಾಗಿ ಬಂದೆ. ನಡಿಗೆ ಒಂದು ಹದ ದಾಟಿದ್ದೇ ತಡ, ಹಿಂಬದಿ ಕೂತಿತು. ಮತ್ತೆ ಮತ್ತೆ ಎಳೆದಳು. ನನ್ನ ಉದ್ದಕ್ಕೆ ಇಷ್ಟೇ ಓಟ. ಅದಕ್ಕೂ ಮೀರಿದ ಬಲವೆಲ್ಲ ನೀರು ಅಗೆಯುವುದಕ್ಕೇ ಖರ್ಚು. ತಪ್ಪು ಹೊಟ್ಟೆಯದಲ್ಲ.

ಹಳೆಯ ಆಟಿಕೆ ಲಾರಿಯಿಂದ ಗೇರು ಸಮೇತ ಸಣ್ಣ ಮೋಟಾರು ತೆಗೆದು ನನಗೆ ಜೋಡಿಸಿದಳು. ಹಿತ್ತಾಳೆ ತಗಡು ಕತ್ತರಿಸಿ ಅಗಲವಾದ ಮೂರು ಎಲೆಯ ಪಂಖ ಮಾಡಿದಳು.

ಭಾನುವಾರ ದಾಮೋದರ ಉಳಿ ಹಿಡಿದೇ ಗಜನಿಗೆ ಬಂದಿದ್ದ. ದೊಡ್ಡ ಪಂಖ ನಿಧಾನವಾಗಿ ತಿರುಗಿ, ನೀರನ್ನು ಹಿಡಿದು ತಳ್ಳಿತು. ಮೂತಿ ಎತ್ತದೆ, ತೊಟ್ಟು ನೀರು ಒಳಗೆ ಬಿಡದೆ, ಆಚೆ ದಡ ಮುಟ್ಟಿದೆ. ಮೋಹಿನಿ ದಂಡೆ ಸುತ್ತಿ ಬಂದು ನನ್ನನ್ನು ಎತ್ತಿಕೊಂಡಳು.

"ನನ್ನ ಮೋಟಾರಿಗೆ ನಿನ್ನ ದೋಣಿ ಹೆದರಿತು ಅನ್ನು."

"ಹೆದರಲಿಲ್ಲ. ನಿಮ್ಮ ಮೋಟಾರು ಅದಕ್ಕೆ ನೀರು ಕುಡಿಸ್ತು."

ದಾಮೋದರ ನಕ್ಕು ಉಳಿಯನ್ನು ಚೀಲಕ್ಕೆ ಹಾಕಿದ.

ಈಗ ನಾನು ಕಿಟಕಿಯ ಕಟ್ಟೆಯ ಮೇಲೆ ಒಣಗುತ್ತಿದ್ದೇನೆ. ಅಂಗಳದಲ್ಲಿ ಅವಳ ಅಪ್ಪನ ಕಾಲದ ಹಲಸಿನ ಹಲಗೆಗಳಿವೆ. ಇಂದು ಸಂಜೆ ಮೋಹಿನಿ ಅವುಗಳ ಮೇಲೆ ಟೇಪು ಹಿಡಿದು ಹನ್ನೆರಡು ಅಡಿಗೆ ಪೆನ್ಸಿಲ್ ಗೆರೆ ಎಳೆದಳು. ನಡುವೆ, ಒಬ್ಬ ಹೆಂಗಸು ಹುಟ್ಟು ಹಿಡಿದು ಕೂರುವಷ್ಟು ಜಾಗ ಬಿಟ್ಟು, ಇನ್ನೆರಡು ಗೆರೆ.

"ಏನು ಅಳೀತಿದ್ದೀ?" ಒಳಗಿನಿಂದ ದಾಮೋದರ ಕೇಳಿದ.

"ಏನಿಲ್ಲ," ಎಂದು ಟೇಪು ಸುತ್ತಿದಳು.