ಒಂದು ಕವಲಿಗೆ ಒಂದೇ ಪ್ರಶ್ನೆ

ಗೋಡೆಗೆ ಒರಗಿಸಿ ಕೂರಿಸಿದ್ದ ರುದ್ರಮ್ಮನ ತಲೆ ಮತ್ತೆ ಬಲಕ್ಕೆ ವಾಲಿತು. ವಿಶಾಲಮ್ಮ ಗಲ್ಲದ ಕೆಳಗೆ ಕೈಕೊಟ್ಟು ಎತ್ತಿ ಹಿಡಿದಳು. ಪಕ್ಕದ ಮನೆಯ ಸುಮಿತ್ರಮ್ಮ ಬಿಳಿ ಬಟ್ಟೆಯನ್ನು ಗಲ್ಲದಿಂದ ನೆತ್ತಿಗೆ ಸುತ್ತಿ ಗೋಡೆಯ ಗೂಟಕ್ಕೆ ಬಿಗಿದಳು.

"ಬದುಕಿದ್ದಾಗ್ಲೂ ಇವಳ ತಲೆ ಒಂದು ಕಡೆ ನಿಲ್ಲಲಿಲ್ಲ," ಎಂದು ಅಳುತ್ತಲೇ ಬೈದಳು. "ಈಗ್ಲೂ ಯಾವ ಹುಡುಗಿ ಸ್ಕೂಲು ತಪ್ಪಿಸಿದಳು ಅಂತ ಬಗ್ಗಿ ನೋಡ್ತಾವಳೆ."

ಅಂಗಳದಲ್ಲಿ ಹೆಣ ಕೂರಿಸಿ ಒಯ್ಯುವ ಬಿದಿರಿನ ವಿಮಾನ ಕಟ್ಟಿಸುತ್ತಿದ್ದ ಗಂಗಾಧರಯ್ಯ ಒಳಗೆ ಬಂದ. ಅವನು ರುದ್ರಮ್ಮನ ಗಂಡನ ತಮ್ಮ. "ಹನ್ನೊಂದಕ್ಕೆ ಎತ್ತಬೇಕು ಕಣ್ರಮ್ಮ. ಗುಂಡಿ ಆಗೈತೆ, ಮಠದಿಂದ ಅಯ್ನೋರೂ ಬಂದವ್ರೆ. ಸ್ಕೂಲಿಗೆ ರಜ ಅಂತ ಹೇಳಿದ್ರಾ?"

"ಹೇಳ್ದೆ. ಬೆಳಿಗ್ಗೆ ಬಾವಿ ಹತ್ರ ನಮ್ಮ ಸ್ಕೂಲಿನ ಕೆಂಪಲಕ್ಷ್ಮಿ ಸಿಕ್ಕಿದ್ಲು. ಇವತ್ತು ಸ್ಕೂಲಿಲ್ಲ, ಎಲ್ಲರಿಗೂ ತಿಳಿಸು ಅಂದೆ..."

ವಿಶಾಲಮ್ಮನ ಮಾತು ಅಲ್ಲಿಗೇ ನಿಂತಿತು.

ಇವತ್ತು ಸೋಮವಾರ, ತಿಂಗಳ ಕೊನೆ. ಹತ್ತೂವರೆಗೆ ಇನ್ಸ್‌ಪೆಕ್ಟರು ಬಂದು ತಲೆ ಎಣಿಸುತ್ತಾರೆಂದು ಹೋದ ವಾರವೇ ಕಾಗದ ಬಂದಿತ್ತು. ಈಗಿನ ಹೊಸ ನಿಯಮದಂತೆ ನಲವತ್ತಕ್ಕೆ ಒಂದು ಕಡಿಮೆಯಾದರೂ ಹೆಣ್ಣುಮಕ್ಕಳ ಶಾಲೆಯನ್ನು ಗಂಡುಹುಡುಗರ ಶಾಲೆಗೆ ಸೇರಿಸುತ್ತಾರೆ. ಸೇರಿಸಿದರೆ ಊರಿನ ಒಬ್ಬ ಹುಡುಗಿಯೂ ಮನೆ ಬಿಟ್ಟು ಹೊರಡುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ಈ ಎರಡನೇ ಟೀಚರ ಕೆಲಸವನ್ನೇ ನೆಚ್ಚಿಕೊಂಡಿದ್ದ ವಿಶಾಲಮ್ಮನಿಗೆ ಉಳಿಯುವುದು ಅಣ್ಣನ ಮನೆಯ ಅಡುಗೆ ಒಲೆ.

ಮೂರು ದಿನದ ಜ್ವರದಲ್ಲಿ ರುದ್ರಮ್ಮ ಬಡಬಡಿಸಿದ್ದು "ನಲವತ್ತು, ನಲವತ್ತು" ಎಂದೇ. ಅದನ್ನು ಪಕ್ಕದಲ್ಲಿ ಕೂತು ಕೇಳಿಸಿಕೊಂಡವಳೇ, ದುಃಖದಲ್ಲಿ ಮರೆತು, ತನ್ನ ಬಾಯಿಂದಲೇ ರಜ ಸಾರಿದ್ದಳು.

"ಇನ್ಸ್‌ಪೆಕ್ಟರಿಗೆ ನಾಳೆ ಬನ್ನಿ ಅಂತ ಹೇಳಿಕಳಿಸಿದ್ರಾಯ್ತು," ಎಂದ ಗಂಗಾಧರಯ್ಯ.

"ಇಷ್ಟು ಹೊತ್ತಿಗೆ ಬೇಲೂರಲ್ಲಿ ಬಸ್ಸು ಹತ್ತಿರ್ತಾರೆ. ಸಂಜೆ ರೈಲಿಗೇ ವರದಿ ಹೋಗುತ್ತೆ."

"ಅಯ್ಯೋ ಬಿಡ್ರಮ್ಮ. ಟೀಚರಮ್ಮ ಸತ್ತ ದಿನ ಯಾವ ಮಗೀಗೆ ಸ್ಕೂಲು?"

ವಿಶಾಲಮ್ಮ ರುದ್ರಮ್ಮನ ಹಣೆಗೆ ಮೂರು ಬೆರಳಲ್ಲಿ ವಿಭೂತಿ ಎಳೆದಳು. ಗೆರೆ ಸೊಟ್ಟಗಾಯಿತು. ಅಳಿಸಿ ಮತ್ತೆ ಎಳೆದಳು.

*

ರುದ್ರಮ್ಮನ ಗೆರೆಗಳು ಮಾತ್ರ ಯಾವತ್ತೂ ಸೊಟ್ಟಗಾಗುತ್ತಿರಲಿಲ್ಲ. ಗೆರೆ ಎಳೆಯುವುದನ್ನು ಅವಳಿಗೆ ಕಲಿಸಿದ್ದು ಗಂಡ ಮರುಳಪ್ಪ. ಅವನು ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲಿಗೆ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಹೊಸದಾಗಿ ಮದುವೆಯಾಗಿ ಬಂದ ಹುಡುಗಿ ನಿಮ್ಮ ಕೆಲಸವೇನೆಂದು ಕೇಳಿದಾಗ ಒಲೆಯ ಇದ್ದಿಲು ತಂದು ಅಡುಗೆಮನೆಯ ನೆಲದ ಮೇಲೆ ಹಳಿ ಬರೆದು ತೋರಿಸಿದ್ದನಂತೆ. "ಗಾಡಿ ಬಂತು. ಹಾಸನಕ್ಕಾ? ಹೌದಾದ್ರೆ ಈ ಕವಲು. ಅಲ್ಲ ಅಂದ್ರೆ ಸೀದಾ. ಒಂದು ಕವಲಿಗೆ ಒಂದೇ ಪ್ರಶ್ನೆ ಕಣೇ. ಎರಡು ಕೇಳಿದ್ಯೋ, ಗಾಡಿ ಮಗುಚ್ಕೊಂತು."

ಅವನು ಪ್ಲೇಗಿನಲ್ಲಿ ಹೋದ. ಅವಳು ಓದಿ ಟೀಚರಾದಳು, ಶಾಲೆಯ ಗೋಡೆಯ ತುಂಬ ಹಳಿ ಬರೆದಳು. ಕಳೆಯುವುದಕ್ಕೆ ಮೇಲಿನ ಅಂಕಿ ಸಾಲುತ್ತಾ? ಹೌದು, ಕಳೆ. ಇಲ್ಲ, ಪಕ್ಕದ ಮನೆಯಿಂದ ಹತ್ತು ತಾ. ಬೆರಳನ್ನೇ ಗಾಡಿ ಮಾಡಿಕೊಂಡು ಕೂ ಎನ್ನುತ್ತ ಹುಡುಗಿಯರು ಲೆಕ್ಕದ ಕೊನೆಯ ಸ್ಟೇಷನ್ನು ಮುಟ್ಟುತ್ತಿದ್ದರು. ಎಲ್ಲಿ ತಪ್ಪಿದರೆಂಬುದು ಅವರಿಗೇ ತಿಳಿಯುತ್ತಿತ್ತು. ಬೆತ್ತ ಮೂಲೆಯಲ್ಲಿ ಧೂಳು ಹಿಡಿಯಿತು.

ಐದು ವರ್ಷದ ಹಿಂದೆ ಮಕ್ಕಳ ಸಂಖ್ಯೆ ಹತ್ತೊಂಬತ್ತಕ್ಕೆ ಇಳಿದಿತ್ತು. ಶಾಲೆ ಬಿಟ್ಟ ಮೂವತ್ತೊಂದು ಹುಡುಗಿಯರ ಮನೆಗಳಿಗೆ ಇಬ್ಬರೂ ನಡೆದರು. ವಿಶಾಲಮ್ಮ ತಾಯಂದಿರನ್ನು ನೇರವಾಗಿಯೇ ಕೇಳಿದಳು: "ಮಗಳನ್ನ ಯಾಕೆ ಕಳಿಸಲ್ಲ?"

"ಹೆಣ್ಣುಮಗೀಗೆ ಓದು ಯಾಕ್ರವ್ವ?" ಎಂದು ಎಲ್ಲ ಮನೆಯಲ್ಲೂ ಒಂದೇ ಉತ್ತರ.

ರುದ್ರಮ್ಮ ಮಾತ್ರ ಹುಡುಗಿಯನ್ನು ಜಗಲಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, "ನಿನ್ನೆ ಎದ್ದಮೇಲೆ ಏನು ಮಾಡಿದೆ?" ಎನ್ನುತ್ತಿದ್ದಳು. "ಆಮೇಲೆ? ಅದಾದ್ಮೇಲೆ?"

ವಾರದ ಕೊನೆಗೆ ಗೋಡೆಯ ಮೇಲೆ ಮೂವತ್ತೊಂದು ಗೆರೆಗಳಿದ್ದವು. ಸಗಣಿ, ನೀರು, ರೊಟ್ಟಿ, ಎಲ್ಲ ಕವಲು ದಾಟಿ ಇಪ್ಪತ್ತಮೂರು ಗೆರೆ ಬಂದು ನಿಂತದ್ದು ಒಂದೇ ಕಡೆ. ಅವ್ವ ಹೊಲಕ್ಕೆ ಹೋದ ಮೇಲೆ ಕಂಕುಳಲ್ಲಿ ಉಳಿಯುವ ಪುಟ್ಟ ತಮ್ಮನೋ ತಂಗಿಯೋ, ಅಲ್ಲಿ.

"ಹಂಗಾದ್ರೆ ಕೂಸನ್ನೂ ಕರ್ಕೊಂಡು ಬರ್ಲಿ," ಎಂದಳು ರುದ್ರಮ್ಮ.

"ಇದು ಸ್ಕೂಲೋ ಬಾಣಂತಿ ಕೋಣೆಯೋ, ರುದ್ರಕ್ಕ?"

"ಮೂಗು ಮುಚ್ಕೊಂಡು ಪಾಠ ಮಾಡೇ ವಿಶಾಲು."

ತೊಲೆಗೆ ಹಳೆ ಸೀರೆಯ ತೊಟ್ಟಿಲುಗಳು ಬಿದ್ದವು. ಸಂಕ್ರಾಂತಿಯ ಹೊತ್ತಿಗೆ ಹುಡುಗಿಯರು ನಲವತ್ತಾರು. ಅಂದು ವಿಶಾಲಮ್ಮನಿಗೆ ಸಂತೋಷದ ಜೊತೆಗೆ ಸಣ್ಣದೊಂದು ಹೊಟ್ಟೆಕಿಚ್ಚೂ ಆಗಿತ್ತು. ಅದೇ ಬೀದಿಯಲ್ಲಿ ಅವಳೂ ನಡೆದಿದ್ದಳು, ಅದೇ ಮಕ್ಕಳನ್ನು ಅವಳೂ ನೋಡಿದ್ದಳು. ಕೇಳಬೇಕಾದ ಪ್ರಶ್ನೆ ಮಾತ್ರ ಅವಳಿಗೆ ಹೊಳೆದಿರಲಿಲ್ಲ.

*

ಗಡಿಯಾರ ಹತ್ತೂವರೆ ತೋರಿಸುತ್ತಿತ್ತು. ವಿಶಾಲಮ್ಮ ತಟ್ಟನೆ ಎದ್ದಳು.

"ಎಲ್ಲಿಗೇ? ಹೆಣ ಬಿಟ್ಟು ಹೋಯ್ತಾರೇನೇ?" ಎಂದಳು ಸುಮಿತ್ರಮ್ಮ.

"ನೀವು ಹಿಡ್ಕೊಂಡಿರಿ ಅಕ್ಕಾ. ತಪ್ಪು ನಂದು ಅಂತಲಾದ್ರೂ ಅವರಿಗೆ ಹೇಳಿ ಬರ್ತೀನಿ."

ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀದಿಯಲ್ಲಿ ಓಡಿದಳು. ಬೇಡಿಕೊಳ್ಳುವ ಮಾತನ್ನು ದಾರಿಯುದ್ದಕ್ಕೂ ಜೋಡಿಸಿದಳು, ಯಾವುದೂ ಕೂಡಿಬರಲಿಲ್ಲ. ಸಾವಿನ ದಿನವೆಂದು ಬೀದಿಯ ಯಾವ ಬಾಗಿಲಲ್ಲೂ ರಂಗೋಲಿ ಇರಲಿಲ್ಲ.

ಶಾಲೆಯ ಅಂಗಳದಲ್ಲಿ ಇತ್ತು.

ಬೀಗ ಹಾಕಿದ ಬಾಗಿಲಿನಿಂದ ಹೊಂಗೆಮರದವರೆಗೂ ನೆಲದ ಮೇಲೆ ಬಿಳಿ ಗೆರೆಗಳು. ಗೆರೆಗಳ ಎರಡೂ ಕಡೆ, ಜಗಲಿಯ ಮೇಲೆ, ಮರದ ಬುಡದಲ್ಲಿ, ಎಲ್ಲೆಲ್ಲೂ ಹುಡುಗಿಯರು. ಅರ್ಧದಷ್ಟು ಮಂದಿಯ ಕಂಕುಳಲ್ಲಿ ಕೂಸು. ಪೇಟ ತೊಟ್ಟ ಇನ್ಸ್‌ಪೆಕ್ಟರು ಬೂಟನ್ನು ಗೆರೆಗೆ ತಾಗಿಸದೆ ನಿಂತು, ಕನ್ನಡಕ ಸರಿಮಾಡಿಕೊಂಡು ನೆಲ ಓದುತ್ತಿದ್ದರು.

"ದೊಡ್ಡಮ್ನೋರು ಬರ್ತಾರಾ? ಇಲ್ಲ. ಚಿಕ್ಕಮ್ನೋರು ಬರ್ತಾರಾ? ಇಲ್ಲ." ಅವರು ಒಂದು ಹೆಜ್ಜೆ ಸರಿದರು. "ಎಣಿಸೋರು ಬರ್ತಾರಾ? ಹೌದು. ಅವರು ಎಣಿಸೋದು ಅಮ್ನೋರನ್ನಾ? ಅಲ್ಲ..."

"ನಮ್ಮನ್ನ," ಎಂದಳು ಕೆಂಪಲಕ್ಷ್ಮಿ. ಅಂಗೈಗೆ ರಂಗೋಲಿ ಪುಡಿ ಮೆತ್ತಿತ್ತು, ಅತ್ತು ಮುಖ ಊದಿತ್ತು. "ಅದುಕ್ಕೇ ಬಂದ್ವಿ ಸಾ. ಒಬ್ಬೊಬ್ರು ಒಂದೊಂದು ಬೀದಿಗೆ ಹೋಗಿ ಎಲ್ಲರನ್ನೂ ಕರ್ಕೊಂಡು ಬಂದ್ವಿ."

"ಇದನ್ನ ಬರೆದುಕೊಟ್ಟವರು ಯಾರು?"

"ಯಾರೂ ಇಲ್ಲ ಸಾ. ಸ್ಕೂಲಿಲ್ಲ ಅಂದ್ರಲ್ಲ, ಹೆಂಗ್ ಮಾಡೋದು ಅಂತ ಗೆರೆ ಹಾಕಿ ನೋಡಿದ್ವಿ."

ವಿಶಾಲಮ್ಮ ಗೇಟಿನ ಕಲ್ಲಿಗೆ ಒರಗಿಕೊಂಡಳು. ಚಿಕ್ಕಮ್ನೋರು ಬರ್ತಾರಾ, ಇಲ್ಲ. ತನ್ನನ್ನು ಕುರಿತ ಆ ಕವಲು ಎದೆಗೆ ಚುಚ್ಚಿತು. ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಕಾಲಿಟ್ಟಳು. "ಬಂದೆ ಕಣ್ರೇ," ಎಂದಳು. ಇನ್ಸ್‌ಪೆಕ್ಟರಿಗೆ ಕೈಮುಗಿದು, "ಎಣಿಸಿ ಸಾರ್," ಎಂದಳು.

"ಕಂಕುಳಲ್ಲಿರೋದು?"

"ಅದು ಲೆಕ್ಕಕ್ಕಿಲ್ಲ ಸಾರ್. ಮುಂದಿನ ವರ್ಷಗಳಿಗೆ."

ಅವರ ಮೀಸೆ ಅಲುಗಿತು. ಪೆನ್ಸಿಲು ಎತ್ತಿ ಶುರುಮಾಡಿದರು. ಇಪ್ಪತ್ತು ದಾಟುವಾಗ ಒಂದು ಕೂಸು ಗೆರೆಯ ಮೇಲೆ ಅಂಬೆಗಾಲಿಟ್ಟು ಹೊರಟಿತು, ಹುಡುಗಿಯರು ಚದುರಿ ಅದನ್ನು ಹಿಡಿದರು, ಎಣಿಕೆ ತಪ್ಪಿತು. ಮತ್ತೆ ಮೊದಲಿಂದ. ವಿಶಾಲಮ್ಮ ಮನಸ್ಸಿನಲ್ಲೇ ಜೊತೆಗೆ ಎಣಿಸಿದಳು. ಮೂವತ್ತೆಂಟು. ಮೂವತ್ತೊಂಬತ್ತು. ಪೆನ್ಸಿಲು ನಿಲ್ಲಲಿಲ್ಲ.

"ಐವತ್ತೆರಡು," ಎಂದರು ಇನ್ಸ್‌ಪೆಕ್ಟರು. ಬರೆದು, ಅಡಿಗೆರೆ ಹಾಕಿ, ಸಹಿ ಮಾಡಿದರು.

ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ತಮಟೆಯ ಸದ್ದಾಯಿತು. ಹೂವಿನ ವಿಮಾನದಲ್ಲಿ ಕೂತ ರುದ್ರಮ್ಮ ನಾಲ್ವರ ಹೆಗಲ ಮೇಲೆ ಬರುತ್ತಿದ್ದಳು. ಹುಡುಗಿಯರ ಬಾಯಿ ಸೊಟ್ಟಗಾಯಿತು. ಒಬ್ಬಳು ಬಿಕ್ಕಿದಳು, ಇನ್ನೊಬ್ಬಳು ಗೋಳೋ ಎಂದಳು.

"ನೆಟ್ಟಗೆ ನಿಂತ್ಕೊಳ್ರೇ," ಎಂದಳು ವಿಶಾಲಮ್ಮ. "ಹದಿಮೂರರ ಮಗ್ಗಿ. ಎಲ್ಲರೂ. ಗಟ್ಟಿಯಾಗಿ."

"ಹದಿಮೂರೊಂದ್ಲಿ ಹದಿಮೂರು," ಎಂದು ಕೆಂಪಲಕ್ಷ್ಮಿ ಶುರುಮಾಡಿದಳು. "ಹದಿಮೂರೆರಡ್ಲಿ ಇಪ್ಪತ್ತಾರು," ಎಂದು ಐವತ್ತೆರಡು ಗಂಟಲು ಹೊಂಗೆಮರ ನಡುಗುವಂತೆ ಕೂಗಿದವು. ತಮಟೆಯವನು ಕೋಲು ಮೇಲೆತ್ತಿದವನು ಹಾಗೇ ನಿಂತ. ಮುಂದಿದ್ದ ಗಂಗಾಧರಯ್ಯ ತಿರುಗಿ ನೋಡಿ ಅವನಿಗೆ ಸುಮ್ಮನಿರೆಂದು ಕೈ ಮಾಡಿದ. ಇನ್ಸ್‌ಪೆಕ್ಟರು ಬಗ್ಗಿ ಬೂಟು ಬಿಚ್ಚಿದರು. ಹದಿಮೂರ್ಮೂರ್ಲಿ ಮೂವತ್ತೊಂಬತ್ತು, ಹದಿಮೂರ್ನಾಕ್ಲಿ ಐವತ್ತೆರಡು. ವಿಮಾನ ಹೊತ್ತವರ ಎಂಟು ಕಾಲುಗಳು ತಮಗೇ ತಿಳಿಯದೆ ಮಗ್ಗಿಗೆ ಹೆಜ್ಜೆ ಹಾಕುತ್ತ ಶಾಲೆಯ ಮುಂದೆ ಸಾಗಿದವು.